ಬರೀ ಹತ್ತು ನಿಮಿಷ ಬಿಟ್ಟಿದ್ದೆ ಡಾಕ್ಟ್ರೇ

ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆಯ ಫಾರಂಗಳಲ್ಲಿ ಕುದುರೆಗಳು ಮರಿ ಹಾಕುವ ಕಾಲ. ಆಗ ನನಗೆ ಎರಡು ಥರದ ಫೋನ್ ಬರುತ್ತವೆ. ಮೊದಲನೆಯದು, "ಡಾಕ್ಟ್ರೇ, ಮರಿ ಕುಂಟ್ತಿದೆ." ಎರಡು ವಾರ ಕಳೆದು ಎರಡನೆಯದು, "ಕುಂಟೋದು ನಿಂತಿದೆ, ಹೊರಗೆ ಬಿಡ್ಲಾ?" ನನಗೆ ಭಯ ಹುಟ್ಟಿಸುವುದು ಈ ಎರಡನೆಯದೇ.

ಎಳೆ ಮರಿಗಳಲ್ಲಿ ನಾನು ಜಾಸ್ತಿ ನೋಡುವ ಮುರಿತ ಮುಂಗಾಲಿನದು. ಗೊರಸಿಗಿಂತ ಸ್ವಲ್ಪ ಮೇಲೆ ಒಂದು ಗೆಣ್ಣು ಇದೆಯಲ್ಲ, ಅದರ ಹಿಂಭಾಗದಲ್ಲಿ ಎರಡು ಪುಟ್ಟ ಮೂಳೆಗಳಿವೆ. ಸೆಸಮಾಯ್ಡ್ ಅಂತೀವಿ. ತಾಯಿಗೆ ಹುಷಾರಿಲ್ಲ ಅಂತಲೋ, ಮರಿ ಇನ್ನೂ ಎಳಸು ಅಂತಲೋ ಎರಡನ್ನೂ ವಾರಗಟ್ಟಲೆ ಲಾಯದಲ್ಲೇ ಇಟ್ಟಿರುತ್ತಾರೆ. ಒಂದು ಬೆಳಗ್ಗೆ ದೊಡ್ಡ ಪ್ಯಾಡಕ್ಕಿನ, ಅಂದರೆ ಬೇಲಿ ಹಾಕಿದ ಬಯಲಿನ, ಗೇಟು ತೆಗೆದುಬಿಡುತ್ತಾರೆ. ತಾಯಿ ಬಾಲ ಎತ್ತಿಕೊಂಡು ಓಡುತ್ತದೆ. ಮರಿಗೆ ತಾಯಿಯನ್ನು ಬಿಟ್ಟಿರೋಕಾಗಲ್ಲ, ಅದೂ ಓಡುತ್ತದೆ. ಸುಸ್ತಾದರೂ ಓಡುತ್ತದೆ. ಸುಸ್ತಾದ ಕಾಲಿನ ಗೆಣ್ಣು ನೆಲದ ಕಡೆಗೆ ಕುಸಿಯುತ್ತದೆ, ಹಿಂದಿನ ಮೂಳೆ ಸೀಳುತ್ತದೆ.

ಮರಿಗಳ ಈ ಮುರಿತಕ್ಕೆ ಸಾಮಾನ್ಯವಾಗಿ ಆಪರೇಷನ್ ಬೇಡ. ಕಟ್ಟೂ ಬೇಡ. ಲಾಯದಲ್ಲಿ ಸುಮ್ನೆ ಇಡಬೇಕು, ಅಷ್ಟೆ. ಇದನ್ನು ಹೇಳಿದಾಗ ಮಾಲೀಕರ ಮುಖ ನೋಡಬೇಕು ನೀವು! "ಏನೂ ಕಟ್ಟಲ್ವಾ? ಪುತ್ತೂರು ಕಟ್ಟಾದ್ರೂ ಹಾಕಿಸ್ಲಾ?" ಬೇಡ ಸ್ವಾಮಿ. ಎಳೆ ಮರಿಯ ಕಾಲನ್ನು ಬಿಗಿಯಾಗಿ ಸುತ್ತಿಟ್ಟರೆ ಹಿಂದಿನ ಟೆಂಡನ್‌ಗಳು, ಕುದುರೆ ನೋಡಿಕೊಳ್ಳುವ ನಮ್ಮ ಸೈಸ್‌ಗಳು ನರ ಅನ್ನುತ್ತಾರಲ್ಲ ಅವು, ಸಡಿಲ ಬೀಳುತ್ತವೆ. ಕಟ್ಟು ಬಿಚ್ಚಿದ ದಿನ ಗೊರಸಿನ ತುದಿ ಆಕಾಶ ನೋಡುತ್ತಿರುತ್ತದೆ, ಗೆಣ್ಣು ನೆಲಕ್ಕೆ ತಾಗುವಷ್ಟು ಇಳಿದಿರುತ್ತದೆ. ಗೊರಸಿನ ಒಳಗಿನ ಮೂಳೆಯ ಅಂಚು ಮುರಿದ ಮರಿಗಳಿಗೂ ನಾನು ಹೇಳುವುದು ಲಾಯವನ್ನೇ.

ಕಟ್ಟು ಹಾಕಲೇಬೇಕಾದ ಮುರಿತಗಳೂ ಇವೆ, ಇಲ್ಲ ಅಂತಲ್ಲ. ಮಂಡಿಯ ಕೆಳಗಿನ ಉದ್ದ ಮೂಳೆ ಮುರಿದರೆ ಪ್ಲಾಸ್ಟರ್ ಹಾಕುತ್ತೇವೆ. ಆದರೆ ಮರಿ ಬೆಳೆಯುತ್ತಲೇ ಇರುತ್ತದೆ, 10–14 ದಿನಕ್ಕೊಮ್ಮೆ ಬಿಚ್ಚಿ ಹೊಸದು ಹಾಕಬೇಕು. ಚರ್ಮ ಹರಿದು ಮೂಳೆ ಹೊರಗೆ ಕಂಡರೆ, ಅಥವಾ ತೊಡೆಯ ಮೂಳೆ ಹೋಗಿದ್ದರೆ, ಈ ಅಂಕಣ ಓದುತ್ತಾ ಕೂರಬೇಡಿ. ಆ ಲೆಕ್ಕವೇ ಬೇರೆ.

ಈಗ ಲಾಯದ ವಿಷಯ. ಕುಂಟುವುದು ನಿಂತ ಮಾತ್ರಕ್ಕೆ ಮೂಳೆ ಕೂಡಿದೆ ಅಂತಲ್ಲ. ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ. ಮನೆಗೆ ಮೋಲ್ಡ್ ಹಾಕಿಸಿದ್ದೀರಲ್ಲ? ಮಾರನೇ ದಿನ ಮೇಲೆ ಹತ್ತಿ ನೀರು ಕಟ್ಟಬಹುದು. ಹಾಗಂತ ಕೆಳಗಿನ ಸೆಂಟ್ರಿಂಗ್ ಬಿಚ್ಚುತ್ತೀರಾ? ಮೇಸ್ತ್ರಿ ಬಿಚ್ಚಲು ಬಿಡುತ್ತಾನಾ? ಮೂಳೆಯೂ ಹಾಗೇ. ನೋವು ಒಂದೆರಡು ವಾರಕ್ಕೆ ಇಳಿಯುತ್ತದೆ. ಆಗ ತುಂಡುಗಳ ನಡುವೆ ಇರುವುದು ಬರೀ ಮೆತ್ತನೆಯ ಅಂಟು. ಅದು ಮೂಳೆಯಾಗಲು ಸುಮಾರು 6ರಿಂದ 8 ವಾರ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಅಷ್ಟರಲ್ಲಿ ಮರಿ ಓಡಿದರೆ, ಗೆಣ್ಣಿನ ಹಿಂದಿನ ಆ ಪುಟ್ಟ ಮೂಳೆಗೆ ಮೇಲಿನಿಂದ ಹಿಡಿದಿರುವ ಗಟ್ಟಿ ಪಟ್ಟಿಯೊಂದು ಮೇಲಿನ ತುಂಡನ್ನು ಜಗ್ಗುತ್ತದೆ. ಆಮೇಲೆ ಕೂಡಿದರೂ ಮೂಳೆ ಉದ್ದವಾಗಿ, ದಪ್ಪವಾಗಿ ಕೂಡುತ್ತದೆ. ರೇಸಿನ ಆಸೆ ಅಲ್ಲಿಗೆ ಮುಗಿಯಬಹುದು.

ಹೋದ ಸೀಸನ್‌ನಲ್ಲಿ ಮೂರು ವಾರದ ಒಂದು ಕಂದು ಮರಿ, ಹಣೆಯಲ್ಲಿ ಕುಂಕುಮದಷ್ಟು ಬಿಳಿ ಚುಕ್ಕೆ. ಮೊದಲ ಎಕ್ಸ್-ರೇಯಲ್ಲಿ ಸೀಳು ಕೂದಲೆಳೆಯಷ್ಟಿತ್ತು. ಮಾಲೀಕರು ಒಳ್ಳೆಯವರು, ಮರಿಗೆ ತಾವೇ ಮೈ ಉಜ್ಜುವವರು. ಹದಿನೆಂಟನೇ ದಿನ ಫೋನ್: "ಬರೀ ಹತ್ತು ನಿಮಿಷ ಬಿಟ್ಟಿದ್ದೆ ಡಾಕ್ಟ್ರೇ, ಪಾಪ ಅನ್ನಿಸ್ತು." ಹೋಗಿ ನೋಡಿದರೆ ಸೀಳಿನಲ್ಲಿ ರಾಗಿ ಕಾಳು ಇಡಬಹುದು. ಬೈಯಲು ಬಾಯಿ ತೆಗೆದೆ. ಅವರು ಆಗಲೇ ಅಳುತ್ತಿದ್ದರು. ಏನು ಹೇಳೋದು?

ಇನ್ನೊಂದು ಕೆಟ್ಟ ಅಭ್ಯಾಸ ನೋವಿನ ಔಷಧಿ. ಕುಂಟು ಕಾಣಬಾರದು ಅಂತ ಬ್ಯೂಟ್ ಅನ್ನೋ ನೋವಿನ ಮದ್ದು ತಿನ್ನಿಸುತ್ತಾರೆ. ಮರಿಗಳಿಗೆ ಅದರಿಂದ ಹೊಟ್ಟೆಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಮೇಲಾಗಿ, ನೋವಿದ್ದರೆ ಮರಿ ತಾನಾಗಿ ಕಾಲು ಜೋಪಾನ ಮಾಡುತ್ತದೆ. ವೈದ್ಯರು ಹೇಳಿದಷ್ಟೇ ಕೊಡಿ. ನಿಂತಲ್ಲೇ ನಿಂತ ತಾಯಿಗೆ ಓಟ್ಸು, ಹುರುಳಿ ಕಡಿಮೆ ಮಾಡಿ, ಒಣಹುಲ್ಲು ಜಾಸ್ತಿ ಹಾಕಿ. ಇಲ್ಲದಿದ್ದರೆ ಅದೇ ಲಾಯದಲ್ಲಿ ಕುಣಿದಾಡುತ್ತದೆ, ಮರಿಯೂ ಜೊತೆಗೆ ಕುಣಿಯುತ್ತದೆ. ಗಟ್ಟಿಯಿರುವ ಇನ್ನೊಂದು ಕಾಲನ್ನು ದಿನಾ ಎದುರಿನಿಂದ ನೋಡಿ. ಭಾರ ಹೊತ್ತು ಹೊತ್ತು ಅದೂ ಸೊಟ್ಟಗಾಗಬಹುದು.

ಆ ಕಂದು ಮರಿಗೆ ಹೊಸದಾಗಿ ಎಂಟು ವಾರ ಬರೆದುಕೊಟ್ಟೆ. ಬಿಡುವ ಮುಂಚೆ ಮತ್ತೊಮ್ಮೆ ಎಕ್ಸ್-ರೇ, ಆಮೇಲೆ ಕೈಯಲ್ಲಿ ಹಿಡಿದು ನಡೆಸುವುದು, ಆಮೇಲೆ ಚಿಕ್ಕ ಅಂಗಳ, ಕೊನೆಗೆ ಪ್ಯಾಡಕ್ಕು. ಅಲ್ಲಿನ ಸೈಸ್ ವಯಸ್ಸಾದವನು, ಅವನ ತಾತ ಕುಣಿಗಲ್ ಫಾರಂನಲ್ಲಿ ಕುದುರೆ ನೋಡಿಕೊಂಡವರಂತೆ. ಕಾಗದವನ್ನು ಅವನು ಓದಲಿಲ್ಲ. ಮಾಲೀಕರ ಎದುರಿಗೇ ಲಾಯಕ್ಕೆ ಬೀಗ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, "ಎಂಟು ವಾರ ಅಲ್ವಾ ಸಾರ್?" ಅಂತ ನನ್ನನ್ನು ಕೇಳಿದ.