ಕೆಟ್ಟಿದ್ದು ಮೂಗು, ದೂರು ನಾಲಿಗೆಯ ಮೇಲೆ

ನೆಗಡಿ ಬಂದು ಬಾಯಿರುಚಿಯೇ ಹೋಗಿದೆ ಎನ್ನುವವರ ನಾಲಿಗೆಗೆ ಚಿಟಿಕೆ ಉಪ್ಪು ಹಾಕಿ ನೋಡಿ. ಬಹುತೇಕ ಎಲ್ಲರೂ ಉಪ್ಪೆಂದೇ ಹೇಳುತ್ತಾರೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಮಾಂಸದ ಸಾರಿನಂಥ ರುಚಿ) ಅಷ್ಟೇ. ಮೂಗು ಹಿಡಿದುಕೊಂಡು ಫಿಲ್ಟರ್ ಕಾಫಿ ಗುಟುಕರಿಸಿದರೆ ಅದು ಬರೀ ಬಿಸಿ, ಸಿಹಿ, ಕಹಿ. ಬೆರಳು ತೆಗೆದಾಗಲೇ ಅದು ಕಾಫಿ! ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆಯನ್ನೇ ನಾವು ರುಚಿ ಎನ್ನುತ್ತಿರುತ್ತೇವೆ.

ಆದ್ದರಿಂದ ರುಚಿ ಪೂರ್ತಿ ಹೋಗುವ ಏಗ್ಯೂಸಿಯಾ ಅಪರೂಪ. ವಾಸನೆ ಪೂರ್ತಿ ಹೋಗುವ ಅನಾಸ್ಮಿಯಾ, ಮಂದವಾಗುವ ಹೈಪಾಸ್ಮಿಯಾ ಮಾಮೂಲು. ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ನುಂಗಿದಾಗ ಬಾಯೆಲ್ಲ ಲೋಹದ ರುಚಿಯಾಗುವುದು ಡಿಸ್ಗ್ಯೂಸಿಯಾ, ಅಂದರೆ ರುಚಿ ಕೆಡುವುದು.

'ವಿಕ್ಸ್ ಗೊತ್ತಾಗುತ್ತಲ್ಲ, ಮೂಗು ಸರಿಯಿದೆ' ಎಂಬ ವಾದವನ್ನು ಮಾತ್ರ ಒಪ್ಪಬೇಡಿ. ಮೆಂಥಾಲಿನ ತಂಪು, ಅಮೋನಿಯಾದ ಚುರುಕು ವಾಸನೆಯ ನರದ ಕೆಲಸವಲ್ಲ. ಅವನ್ನು ಮಿದುಳಿಗೆ ಮುಟ್ಟಿಸುವುದು ಮುಖದ ಸ್ಪರ್ಶ, ನೋವು ಒಯ್ಯುವ ಟ್ರೈಜೆಮಿನಲ್ ನರ. ಅನಾಸ್ಮಿಯಾ ಇದ್ದವರಿಗೂ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಪರಿಹಾರದ ಹಣಕ್ಕಾಗಿ ವಾಸನೆ ಹೋಗಿದೆಯೆಂದು ನಾಟಕ ಆಡುವವರು ಅದೂ ಗೊತ್ತಾಗಲಿಲ್ಲ ಎಂದಾಗ ವೈದ್ಯರಿಗೆ ಅನುಮಾನ ಬರುವುದು ಇದರಿಂದಲೇ.

ಒಂದು ವಾಸನೆ ಇನ್ನೇನೋ ಆಗಿ ಕೆಟ್ಟು ಬರುವ ಪೆರಾಸ್ಮಿಯಾದ ಕಾಟ ಬೇರೆ. ಮನುಷ್ಯರಲ್ಲಿ ವಾಸನೆಯನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್). ಈ ಗ್ರಾಹಕಗಳ ಜೀನ್ ಕುಟುಂಬವನ್ನು ವಿಜ್ಞಾನಿಗಳಾದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿ 2004ರಲ್ಲಿ ನೊಬೆಲ್ ಪಡೆದರು. ಒಂದೊಂದು ವಾಸನೆಗೂ ಹಲವು ಗ್ರಾಹಕಗಳು ಒಟ್ಟಿಗೆ ಮಿಡಿಯಬೇಕು. ವೈರಸ್ ಹೊಡೆತಕ್ಕೆ ಕೆಲವು ಉಳಿದು ಕೆಲವು ಸತ್ತರೆ, ಅರ್ಧದಷ್ಟು ಮನೆಗಳು (ಕೀಗಳು) ಕೆಟ್ಟ ಹಾರ್ಮೋನಿಯಂನಲ್ಲಿ ಗೊತ್ತಿರುವ ರಾಗ ನುಡಿಸಿದಂತೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಕೊಳೆತು ನಾರಿದ ಹಾಗೆ ಅನ್ನಿಸುತ್ತದೆ. ಕಾಯಿಲೆ ವಾಸಿಯಾಗಿ ವಾರಗಳಾದ ಮೇಲೆ ಶುರುವಾಗುವುದರಿಂದ ಮನೆಯವರು ನಂಬುವುದೂ ಕಷ್ಟ.

ಏನೂ ಇಲ್ಲದೆಡೆ ಸುಟ್ಟ ವಾಸನೆ ಬರುವುದು ಫ್ಯಾಂಟಾಸ್ಮಿಯಾ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುತ್ತಾ ಕೂರಬೇಡಿ. ಸೈನಸ್ ಸೋಂಕು, ಮೈಗ್ರೇನ್ ಕಾರಣವಿರಬಹುದು. ವಾಸನೆ ಕ್ಷಣಕಾಲ ಬಂದು, ಜೊತೆಗೆ ಎಚ್ಚರ ಮಸುಕಾದರೆ ಅದು ಮೂರ್ಛೆರೋಗದ ಸುಳಿವು. ನೇರವಾಗಿ ನರರೋಗ ತಜ್ಞರ ಬಳಿ ಹೋಗಿ.

ವೈರಸ್ಸಿನಿಂದ ಕೆಟ್ಟ ಮೂಗಿಗೆ ಜರ್ಮನಿಯ ಸಂಶೋಧಕ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ಪ್ರಕಟಿಸಿದ ಮೂಸುವ ತಾಲೀಮು ಇದೆ: ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ಎಣ್ಣೆ, ಒಂದೊಂದನ್ನೂ 10 ಸೆಕೆಂಡು, ದಿನಕ್ಕೆರಡು ಸಲ, 12 ವಾರ. ಬಾಟಲಿಗೆ ಮೂಗು ಹಾಕಿ ಜೋರಾಗಿ ಎಳೆಯಬೇಡಿ, ಮೆಲ್ಲಗೆ ಆಘ್ರಾಣಿಸಿ. ಎಲ್ಲರಿಗೂ ಫಲ ಸಿಗದು. ಎರಡು ವಾರಕ್ಕೇ ಬಿಟ್ಟವರಿಗಂತೂ ಕಷ್ಟ.

ಅಷ್ಟರವರೆಗೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆ ಅಲಾರಾಂ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಅದನ್ನು ನೆಲದ ಹತ್ತಿರವೇ ಹಾಕಿಸಿ.