ನೆರೆಮನೆಯ ಹೆಪ್ಪು, ಐಸಿಯುವಿನ ಬ್ಯಾಕ್ಟೀರಿಯಾ

ಭಾವ ಐಸಿಯು ಸೇರಿ ವೆಂಟಿಲೇಟರ್ ಹಾಕಿಸಿಕೊಂಡ ಎಂಟನೇ ದಿನ ಮತ್ತೆ ಜ್ವರ ಏರಿತು. ಹೊರಗೆ ಕುರ್ಚಿಯಲ್ಲಿ ಕೂತಿದ್ದ ಅಕ್ಕ, "ಅವರ ಮೈಗೆ ಔಷಧ ಒಗ್ಗಿಹೋಗಿದೆ ಕಣೋ. ನೆಗಡಿ ಬಂದರೂ ಮಾತ್ರೆ ನುಂಗೋರು, ಈಗ ಯಾವ ಇಂಜೆಕ್ಷನ್ನೂ ನಾಟ್ತಿಲ್ಲ" ಅಂದಳು. ಈ ಮಾತನ್ನು ಡಿಗ್ರಿ ಮೇಲೆ ಡಿಗ್ರಿ ಪಡೆದವರ ಬಾಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಔಷಧಕ್ಕೆ ಬಗ್ಗದೆ ಕೂತಿದ್ದು ಭಾವನ ಶ್ವಾಸಕೋಶದಲ್ಲಿದ್ದ ಬ್ಯಾಕ್ಟೀರಿಯಾ. ಹುಟ್ಟಿದಾಗಿನಿಂದ ಒಂದು ಮಾತ್ರೆಯನ್ನೂ ನುಂಗದ ಮನುಷ್ಯನಿಗೂ ಅದು ಪಕ್ಕದ ಹಾಸಿಗೆಯಿಂದ ಯಾರದೋ ಕೈಗೆ ಹತ್ತಿಕೊಂಡು ಬಂದು ಸೇರಬಹುದು.

ರೋಗಿಯ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ, ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಕಲ್ಚರ್ ಪರೀಕ್ಷೆಯ ರಿಪೋರ್ಟ್ ಬಂತು. ಕ್ಲೆಬ್ಸಿಯೆಲ್ಲಾ. ಅದೇ ಆ ಬ್ಯಾಕ್ಟೀರಿಯಾದ ಹೆಸರು. ಕೆಳಗೆ ಔಷಧಗಳ ಪಟ್ಟಿ, ಎದುರಿಗೆ ಉದ್ದಕ್ಕೂ ಆರ್, ಆರ್, ಆರ್. ರೆಸಿಸ್ಟೆಂಟ್, ಅಂದರೆ ಆ ಔಷಧಕ್ಕೆ ಬಗ್ಗದ್ದು ಎಂದು ಅರ್ಥ. ಆಗ ಕೊಡುತ್ತಿದ್ದ ಮೆರೊಪೆನೆಮ್ ಮುಂದೆಯೂ ಆರ್.

ಮೆರೊಪೆನೆಮ್ ಪೆನಿಸಿಲಿನ್ನಿನ ದಾಯಾದಿ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ; ಗೋಡೆಯ ಎಳೆಗಳನ್ನು ಬೆಸೆಯುವ ಕಿಣ್ವವೇ ಅಲ್ಲಿನ ಮೇಸ್ತ್ರಿ. ಔಷಧದ ಅಣು ಇಟ್ಟಿಗೆಯ ವೇಷ ಹಾಕಿಕೊಂಡು ಮೇಸ್ತ್ರಿಯ ಕೈಗೆ ಸಿಕ್ಕಿ, ಮತ್ತೆ ಬಿಡದಂತೆ ಅಂಟಿಬಿಡುತ್ತದೆ. ಕೆಲಸ ನಿಂತ ಗೋಡೆ ಒಳಗಿನ ಒತ್ತಡಕ್ಕೆ ಸಿಡಿಯುತ್ತದೆ. ಅಂಟುವ ಶಕ್ತಿಯೆಲ್ಲ ಇರುವುದು ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರದಲ್ಲಿ. ಕೆಲವು ಬ್ಯಾಕ್ಟೀರಿಯಾ ಈ ಉಂಗುರವನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತವೆ. ಎನ್‌ಡಿಎಂ (ಇದರ ಎನ್‌ಡಿ ಎಂದರೆ ನ್ಯೂಡೆಲ್ಲಿ) ಎಂಬ ಕಿಣ್ವ ಎರಡು ಸತುವಿನ ಅಯಾನುಗಳ ನೆರವಿನಿಂದ ನೀರಿನ ಅಣುವನ್ನೇ ಕತ್ತರಿಯಾಗಿಸಿಕೊಳ್ಳುತ್ತದೆ. ಒಂದು ಕತ್ತರಿಸಿ ಸುಸ್ತಾಗುವುದೂ ಇಲ್ಲ. ಮುಂದಿನದಕ್ಕೆ ಕೈ ಹಾಕುತ್ತದೆ.

ಆದರೆ ನನ್ನನ್ನು ನಿದ್ದೆಗೆಡಿಸುವುದು ಆ ಕತ್ತರಿಯ ವಿಧಾನ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗುವ ರೀತಿ. ಅದು ಪ್ಲಾಸ್ಮಿಡ್ ಎಂಬ ಡಿಎನ್ಎ ಬಳೆಯಲ್ಲಿ ಬರೆದಿರುತ್ತದೆ. ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ನಳಿಕೆ ಚಾಚಿ, ಬಳೆಯ ಒಂದು ನಕಲನ್ನು ದಾಟಿಸುತ್ತದೆ. ಹಳ್ಳಿಯಲ್ಲಿ ಹೆಪ್ಪು ಖಾಲಿಯಾದರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತಿದ್ದೆವಲ್ಲ, ಹಾಗೆ. ಕೊಟ್ಟವರ ಮೊಸರೂ ಉಳಿಯಿತು, ನಮ್ಮ ಹಾಲೂ ಹೆಪ್ಪಾಯಿತು, ನಾಳೆ ನಾವು ಇನ್ನೊಂದು ಮನೆಗೆ ಕೊಡಬಹುದು. ಜಾತಿಯ ಹಂಗೂ ಇಲ್ಲ: ಕ್ಲೆಬ್ಸಿಯೆಲ್ಲಾ ಇ. ಕೋಲಿ ಎಂಬ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೆ ಕೊಡುತ್ತದೆ. ಅಡುಗೆಯ ಚೀಟಿ ಅನ್ನಿ ಬೇಕಾದರೆ, ಒಂದೇ ಚೀಟಿಯಲ್ಲಿ ಹತ್ತು ಅಡುಗೆ. ಒಂದು ಪ್ಲಾಸ್ಮಿಡ್ಡಿನಲ್ಲಿ ಹಲವು ಔಷಧಗಳನ್ನು ಸೋಲಿಸುವ ಜೀನ್‌ಗಳು ಒಟ್ಟಿಗೇ ಬರುತ್ತವೆ.

ಇದು ಮೊದಲು ಬಯಲಾದದ್ದು 1950ರ ದಶಕದ ಜಪಾನಿನಲ್ಲಿ. ಆಮಶಂಕೆ ತರುವ ಶಿಗೆಲ್ಲಾ ಒಮ್ಮೆಗೇ ನಾಲ್ಕು ಔಷಧಗಳಿಗೆ ಬಗ್ಗದಾಯಿತು. ನಾಲ್ಕು ಪ್ರತ್ಯೇಕ ರೂಪಾಂತರಗಳು ಆಕಸ್ಮಿಕವಾಗಿ ಒಟ್ಟಿಗೆ ಕೂಡಿಬರುವುದು ಲೆಕ್ಕಕ್ಕೇ ಸಿಗದ ಸಂಗತಿ. ಪ್ರತಿರೋಧ ಕರುಳಿನ ಇ. ಕೋಲಿಯಿಂದ ಗಂಟುಮೂಟೆ ಸಮೇತ ದಾಟಬಲ್ಲದು ಎಂದು 1959ರಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿದರು. ಎನ್‌ಡಿಎಂ ಕತೆಯೂ ಹಾಗೇ. ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ, ಸ್ವೀಡನ್ನಿನಲ್ಲಿ ನೆಲೆಸಿದ ಭಾರತ ಮೂಲದ ರೋಗಿಯೊಬ್ಬರ ಮೂತ್ರದ ಕ್ಲೆಬ್ಸಿಯೆಲ್ಲಾದಲ್ಲಿ 2008ರಲ್ಲಿ ಆ ಜೀನ್ ಸಿಕ್ಕಿತು. ಅವರ ಮಲದ ಇ. ಕೋಲಿಯಲ್ಲೂ ಅದೇ ಜೀನ್ ಇತ್ತು. ಹೆಸರಿನಲ್ಲಿ ನವದೆಹಲಿ ಸೇರಿಸಿದ್ದಕ್ಕೆ 2010ರಲ್ಲಿ ನಮ್ಮವರು ದೊಡ್ಡ ರಂಪ ಮಾಡಿದರು. ಹೆಸರಿಗೆ ತೋರಿದ ಸಿಟ್ಟಿನ ಕಾಲುಭಾಗವನ್ನು ಒಳಚರಂಡಿಗೆ ತೋರಿದ್ದರೆ ಚೆನ್ನಾಗಿತ್ತು.

ಐಸಿಯುವಿಗೆ ಬಂದರೆ ಈ ಹೆಪ್ಪಿನ ವ್ಯವಹಾರ ಜೋರು. ಗಂಟಲಲ್ಲಿ ಟ್ಯೂಬು, ಕುತ್ತಿಗೆಯ ರಕ್ತನಾಳದಲ್ಲಿ ಲೈನು, ಕೆಳಗೆ ಕ್ಯಾಥೆಟರ್; ದೇಹದ ಬೇಲಿಯಲ್ಲಿ ಅಷ್ಟು ಕಿಂಡಿ. ಆ್ಯಂಟಿಬಯಾಟಿಕ್ ಕರುಳಿನ ಸಾಧು ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಕಳೆನಾಶಕ ಹೊಡೆದ ಹೊಲದಲ್ಲಿ ಬೆಳೆಯೆಲ್ಲ ಒಣಗಿ, ವಿಷಕ್ಕೆ ಜಗ್ಗದ ಒಂದೇ ಒಂದು ಕಳೆ ಉಳಿದರೆ ಏನಾಗುತ್ತದೆ? ಇಡೀ ಹೊಲ ಅದರದ್ದೇ. ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಅಂತೂ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕಿರುತ್ತದೆ.

ಹಾಗಾದರೆ ಡಾಕ್ಟರು ದೊಡ್ಡ ಔಷಧಕ್ಕೆ ಯಾಕೆ ಮೊದಲೇ ಕೈ ಹಾಕುತ್ತಾರೆ? ಕಲ್ಚರ್ ಪೂರ್ತಿ ಬರಲು ಎರಡು ಮೂರು ದಿನ ಬೇಕು. ರಕ್ತಕ್ಕೆ ಸೋಂಕು ಏರಿ ಬಿಪಿ ಬೀಳುತ್ತಿರುವ ರೋಗಿಗೆ ಅಷ್ಟು ಪುರುಸೊತ್ತಿಲ್ಲ. ಅಲ್ಲಿ ಅವರನ್ನು ಬೈಯುವವನು ನಾನಲ್ಲ. ಬೈಯಬೇಕಾದದ್ದು ರಿಪೋರ್ಟ್ ಬಂದ ಮೇಲೂ ಬೇಡದ್ದನ್ನು ನಿಲ್ಲಿಸದವರನ್ನು. ನೆಗಡಿಗೆ ಮೂರು ದಿನದ ಮಾತ್ರೆ ಕತ್ತರಿಸಿ ಕೊಡುವ ಅಂಗಡಿಯವರನ್ನು.

ಭಾವನ ಪಟ್ಟಿಯಲ್ಲಿ ಕೊಲಿಸ್ಟಿನ್ ಮುಂದೆ ಮಾತ್ರ ಆರ್ ಇರಲಿಲ್ಲ. 1940ರ ದಶಕದ ಕೊನೆಗೆ ಜಪಾನಿನಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದ ಔಷಧ ಅದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು ಅಟ್ಟಕ್ಕೆ ಹಾಕಿದ್ದನ್ನು ಬೇರೇನೂ ಗತಿಯಿಲ್ಲದೆ ಕೆಳಗಿಳಿಸಿದ್ದಾರೆ. ಇತ್ತ ಇದನ್ನೇ ಕೋಳಿಗಳು ಬೇಗ ಬೆಳೆಯಲೆಂದು ಮೇವಿಗೆ ಬೆರೆಸುತ್ತಿದ್ದರು! ಕೊಲಿಸ್ಟಿನ್ನನ್ನು ಸೋಲಿಸುವ ಜೀನ್ ಕೂಡ ಪ್ಲಾಸ್ಮಿಡ್ ಏರಿ ಓಡಾಡುತ್ತಿದೆ ಎಂದು ಚೀನಾದಿಂದ ಸುದ್ದಿ ಬಂದದ್ದು 2015ರಲ್ಲಿ. ಭಾರತ ಅದನ್ನು ಸಾಕುಪ್ರಾಣಿಗಳ ಮೇವಿನಲ್ಲಿ ನಿಷೇಧಿಸಿದ್ದು 2019ರಲ್ಲಿ.

ಡಾಕ್ಟರು ಹಳೆಯ ಎರಡು ಇಂಜೆಕ್ಷನ್ ನಿಲ್ಲಿಸಿ ಕೊಲಿಸ್ಟಿನ್ ಶುರುಮಾಡಿದರು. "ಎರಡು ತೆಗೆದು ಒಂದು ಹಾಕಿದ್ರೆ ಹೇಗೋ ಸಾಕಾಗುತ್ತೆ? ದುಡ್ಡು ಕಟ್ತಿಲ್ವಾ ನಾವು?" ಅಂದಳು ಅಕ್ಕ. ನಾನು ಹೆಪ್ಪಿನ ಕತೆ ಶುರುಮಾಡಿದೆ. ಅವಳು ಅರ್ಧ ಕೇಳಿ, ಮೂತ್ರಪಿಂಡದ ಸ್ಥಿತಿ ಹೇಳುವ ಆ ದಿನದ ಕ್ರಿಯಾಟಿನಿನ್ ಎಷ್ಟು ಬಂದಿದೆ ಅಂತ ವಿಚಾರಿಸಲು ಎದ್ದು ಹೋದಳು.