ಒಂಬತ್ತರಿಂದ ಎರಡು ನನ್ನ ಪಾಳಿ

ನಮ್ಮ ಮಗಳು ಹುಟ್ಟಿದ್ದು ಜುಲೈನಲ್ಲಿ. ಕಾರವಾರದ ಮಳೆ ಗೊತ್ತಲ್ಲ, ಮಗುವಿನ ಬಟ್ಟೆ ಒಂದೂ ಒಣಗುತ್ತಿರಲಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದೆವು. ಮೊದಲ ಎರಡು ವಾರ ಅವಳು ಅತ್ತಾಗಲೆಲ್ಲ ಇಬ್ಬರೂ ಎದ್ದೆವು. ಹೆಂಡತಿ ಹಾಲು ಕೊಡುತ್ತಿದ್ದಳು, ನಾನು ಪಕ್ಕದಲ್ಲಿ ಸುಮ್ನೆ ಕೂತಿರುತ್ತಿದ್ದೆ. ಜೊತೆಗಿರುವುದೇ ಸಹಾಯ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವಳು ಒಲೆಯ ಮೇಲಿದ್ದ ಗಂಜಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಲು ಹೋದಳು. ಅವತ್ತೇ, ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುವವರ ಹಾಗೆ ಮನೆಯಲ್ಲೂ ಪಾಳಿ ಮಾಡಿಕೊಂಡೆವು.

ಎಳೆ ಮಗುವಿನದು ಹಟವಲ್ಲ. ಅದರ ಹೊಟ್ಟೆ ಪುಟ್ಟದು, ತಾಯಿಹಾಲು ಬೇಗ ಜೀರ್ಣವಾಗುತ್ತದೆ. ದಿನಕ್ಕೆ 8ರಿಂದ 12 ಸಲ ಹಾಲು ಬೇಕು. ಹಗಲು-ರಾತ್ರಿಯ ವ್ಯತ್ಯಾಸ ಅದರ ಮೈಗೆ ತಿಳಿಯಲು ಎರಡು ಮೂರು ತಿಂಗಳಾದರೂ ಹಿಡಿಯುತ್ತದೆ. ದೊಡ್ಡವರ ನಿದ್ದೆ ಹಾಗಲ್ಲ. ಅದು ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಗಾಢ ನಿದ್ದೆ ಜಾಸ್ತಿ ಬರುವುದು ಮೊದಲ ಸುತ್ತುಗಳಲ್ಲಿ. ಗಂಟೆಗೊಮ್ಮೆ ಎದ್ದರೆ, ಎಲ್ಲ ಸೇರಿಸಿ ಆರು ಗಂಟೆ ಮಲಗಿದ ಲೆಕ್ಕ ಸಿಕ್ಕರೂ ಮೈ ಹಗುರಾಗುವುದಿಲ್ಲ. ಬಾಣಂತಿಗೆ ಬೇಕಾದದ್ದು ನಾಲ್ಕೈದು ಗಂಟೆಯ ಒಂದೇ ಪಟ್ಟಿನ ನಿದ್ದೆ.

ಆದರೆ ಹಾಲು ಕೊಡುವವಳು ಅವಳೇ ಅಲ್ವಾ? ಹೌದು. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯೇ ಹೆಚ್ಚಿರುತ್ತದೆ. ಅದಕ್ಕೇ ಶುರುವಿನ ವಾರಗಳಲ್ಲಿ ರಾತ್ರಿಯ ಹಾಲು ತಪ್ಪಿಸಬಾರದು. ನಾವು ಮಾಡಿದ್ದು ಇಷ್ಟೇ: ಮಗುವಿಗೆ ಹಸಿವಾದಾಗ ನಾನು ಅವಳ ಹತ್ತಿರ ಒಯ್ಯುತ್ತಿದ್ದೆ. ಕುಡಿದಾದ ಕೂಡಲೇ ವಾಪಸ್ ನನ್ನ ಹೆಗಲಿಗೆ. ತೇಗು ತೆಗೆಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ನನ್ನ ಪಾಲು. ಅವಳು ಎಚ್ಚರ ಇರಬೇಕಾದ ಹೊತ್ತು ಅರ್ಧಕ್ಕಿಳಿಯಿತು. ತಿಂಗಳು ಕಳೆದು ಹಾಲು ಕುಡಿಯುವುದು ರೂಢಿಯಾದ ಮೇಲೆ, ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ನಾನೇ ಕುಡಿಸತೊಡಗಿದೆ. ಆಗ ಅವಳಿಗೆ ಆ ಒಂದೇ ಪಟ್ಟಿನ ನಿದ್ದೆ ಸಿಕ್ಕಿತು. ಹಿಂಡಿದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ನಮ್ಮ ಕರಾವಳಿಯ ಸೆಕೆಗೆ ಕೋಣೆಯನ್ನು ನಂಬಬೇಡಿ, ಕೂಡಲೇ ಫ್ರಿಜ್ಜಿಗಿಡಿ.

ಮಲಗಿಸುವುದೇ ಕಷ್ಟದ ಕೆಲಸ. ಹೆಗಲ ಮೇಲೆ ನಿದ್ದೆ ಹೋದ ಮಗು ತೊಟ್ಟಿಲಿಗೆ ಹಾಕುತ್ತಿದ್ದಂತೆ ಕಣ್ಣು ಬಿಡುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡಾ ಮತ್ತು ಜೊತೆಗಾರರು 2022ರಲ್ಲಿ ಇದನ್ನೇ ಅಳೆದು ನೋಡಿದರು. ಅಳುವ ಮಗುವನ್ನು ಎತ್ತಿಕೊಂಡು 5 ನಿಮಿಷ ಒಂದೇ ಸಮ ನಡೆದರೆ ಅದರ ಎದೆಬಡಿತ ನಿಧಾನವಾಗುತ್ತದೆ. ಸುಮಾರು ಅರ್ಧದಷ್ಟು ಮಕ್ಕಳು ಅಷ್ಟರಲ್ಲೇ ನಿದ್ದೆ ಹೋದವು. ಮಗು ಎಚ್ಚರಗೊಳ್ಳುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ನಮ್ಮ ಮೈಯಿಂದ ಬಿಡಿಸಿದ ಆ ಕ್ಷಣದಲ್ಲಿ. ಅದಕ್ಕೆ ನಿದ್ದೆ ಬಂದ ಮೇಲೂ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಇಳಿಸಬೇಕು. ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ ನಾನು ನಡೆದದ್ದೇ ನಡೆದದ್ದು. ಹಂಚಿನ ಮೇಲಿನ ಮಳೆ ಸದ್ದಿಗೆ ಜೋಗುಳವೂ ಬೇಕಾಗುತ್ತಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ: ನಿಮಗೇ ತೂಕಡಿಕೆ ಬಂದರೆ ಮಗುವನ್ನು ಹಿಡಿದು ಸೋಫಾದಲ್ಲಿ ಕೂರಲೇಬೇಡಿ, ಉಸಿರು ಕಟ್ಟುವ ಅಪಾಯವಿದೆ. ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ದಿಂಬಿಲ್ಲದೆ ಮಲಗಿಸಿ.

ಶಿರಸಿ, ಸಿದ್ದಾಪುರದ ಕಡೆ ಮೊದಲ ಬಾಣಂತನ ತವರಲ್ಲೇ. ಅಪ್ಪ ಭಾನುವಾರ ಘಟ್ಟ ಹತ್ತಿ ಬಂದು, ಮಗುವಿನ ಮುಖ ನೋಡಿ, ಊಟ ಮಾಡಿ ಹೋಗುತ್ತಾನೆ. ಗಂಡಸರಿಗೆ ಎಳೆ ಮಗು ಹಿಡಿಯಲು ಬರೋದಿಲ್ಲ ಅನ್ನುತ್ತಾರೆ ಅಜ್ಜಿಯರು. ಹಿಡಿದರೆ ಬರುತ್ತದೆ. ಫಿಲಿಪ್ಪೀನ್ಸಿನ ಸೆಬು ಊರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಅಪ್ಪಂದಿರಾದವರ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮಗುವನ್ನು ನೋಡಿಕೊಂಡವರಲ್ಲಿ ಅದು ಇನ್ನೂ ಕಡಿಮೆಯಿತ್ತು. ಮಗುವನ್ನು ನೋಡಿಕೊಳ್ಳುವ ಅಪ್ಪನ ಮೈಯೂ ಬದಲಾಗುತ್ತದೆ. ಅದಕ್ಕೇ ಹೇಳುವುದು, ತವರಲ್ಲಿದ್ದರೂ ವಾರಕ್ಕೆರಡು ರಾತ್ರಿಯಾದರೂ ಅಪ್ಪ ಅಲ್ಲೇ ಉಳಿಯಲಿ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದೆ, ಎರಡು ವಾರವಾದರೂ ಬೇಜಾರು ಹೋಗದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದನ್ನು ಮೊದಲು ಗಮನಿಸಬಲ್ಲವನು ರಾತ್ರಿ ಜೊತೆಗಿರುವವನೇ.

ಎರಡು ಗಂಟೆಗೆ ಪಾಳಿ ಬದಲಾಗುವಾಗ ನಾವು ಮಾತಾಡುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತಿದ್ದೆ: ಹಾಲು 1.10, ತೇಗು ಬಂತು, ಬಟ್ಟೆ ಎರಡು ಸಲ. ಅದನ್ನು ಓದಿಕೊಂಡರೆ ಅವಳು ನನ್ನನ್ನು ಎಬ್ಬಿಸಬೇಕಿರಲಿಲ್ಲ.